ಕಂಬಳಿಯ ಮೇಲಿನ ಎರಡು ಮಾತು

ಸೇರು ಹೋಗಿ ಕಿಲೋ ಬಂದ ವರ್ಷ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಅಹಮದಸಾಬನ ಟ್ರಂಕಿನ ಅಂಗಡಿ ಇತ್ತು. ಅದರ ಮುಂದಿನ ಕಟ್ಟೆಯ ಮೇಲೆ ಬೀರಲಿಂಗಪ್ಪನ ಕಂಬಳಿಯ ಗಂಟು ಇತ್ತು. ಒಳಗಿನವನು ಬಾಡಿಗೆ ಕೊಡುತ್ತಿದ್ದ, ಹೊರಗಿನವನು ಕೊಡುತ್ತಿರಲಿಲ್ಲ. ವರ್ಷಕ್ಕೊಂದು ಗಟ್ಟಿ ಕಂಬಳಿಯನ್ನು ಒಳಕ್ಕೆ ಸಲ್ಲಿಸಿ, ಮಳೆ ಬಂದಾಗ ಗಂಟನ್ನು ಟ್ರಂಕುಗಳ ನಡುವೆ ಇಟ್ಟುಕೊಳ್ಳುತ್ತಿದ್ದ. ಈ ಏರ್ಪಾಡಿನಲ್ಲಿ ಯಾರಿಗೆ ಲಾಭ ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ; ಆದ್ದರಿಂದ ಅದು ಬಹಳ ಕಾಲ ನಡೆದು ಬಂದಿತ್ತು.

ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ದಿನ ಅಹಮದಸಾಬ ಒಳಗಿನಿಂದ ಕರೆದ.

“ಬೀರಲಿಂಗಪ್ಪಾ, ಒಳಗ ಬಾ. ಇವತ್ತ ಗಂಟಷ್ಟ ಅಲ್ಲ, ನೀನೂ ಬಂದು ಕೂಡು.”

“ಏನ್ರಿ ಸಾಬರ, ಚಾ ತರಿಸೀರೇನು?”

“ಚಾ ಆಮ್ಯಾಲೆ. ಬೆಳಗಾವ್ಯಾಗ ಮಗಳು ಕರಿಯಾಕತ್ತಾಳ. ನನ್ನ ಮೊಣಕಾಲೂ ಸಾಕು ಅನ್ನಾಕತ್ತಾವ. ಅಂಗಡಿ ಬಿಡತೇನಿ. ಮಂದಿಗೆ ಹೇಳೂಕಿಂತ ಮೊದಲ ನಿನಗ ಹೇಳಾಕತ್ತೇನಿ. ಎರಡ ಸಾವಿರ. ಮಣ್ಣೆತ್ತಿನ ಅಮಾಸಿ ಒಳಗ ಹೂಂ ಅನ್ನು, ಇಲ್ಲಾ ಊಹೂಂ ಅನ್ನು.”

ಬಾಡಿಗೆಯ ಅಂಗಡಿಯನ್ನು ಬಿಟ್ಟುಕೊಡುವವನ ಕೈಗೆ ಹೊಸಬನು ಒಂದೇ ಸಲಕ್ಕೆ ಕೊಡುವ ಹಣಕ್ಕೆ ಪಗಡಿ ಎನ್ನುತ್ತಾರೆ. ದುರ್ಗದ ಬೈಲಿನಲ್ಲಿ ಅಂಗಡಿ ಪಗಡಿಗೆ ಬರುವುದು ಅಪರೂಪ. ಬಂದರೆ ಎರಡು ಸಾವಿರಕ್ಕೆ ಬರುವುದು ಇನ್ನೂ ಅಪರೂಪ. ಬೀರಲಿಂಗಪ್ಪನಿಗೆ ಇದು ತಿಳಿದಿತ್ತು. ಅವನಲ್ಲಿ ಹಣವೂ ಇತ್ತು. ಹತ್ತಿರದ ಸುಳ್ಳ ಎಂಬ ಊರಿನಲ್ಲಿ ಅವನ ಅಕ್ಕ ಹುಲಿಗೆವ್ವ ಕುರಿ ಸಾಕಿ, ಉಣ್ಣೆ ಕತ್ತರಿಸಿ, ನೂತು, ಊರ ಮಗ್ಗಗಳಲ್ಲಿ ಕಂಬಳಿ ನೇಯಿಸುತ್ತಿದ್ದಳು. ತಮ್ಮ ಅವನ್ನು ಹುಬ್ಬಳ್ಳಿಯಲ್ಲಿ ಮಾರುತ್ತಿದ್ದ. ತಿಂದುಂಡು ಉಳಿದದ್ದು ಇಬ್ಬರಿಗೂ ಸೇರಿದ ಹಣ: ಎರಡು ಸಾವಿರದ ಎರಡು ನೂರು ರೂಪಾಯಿ. ಹೂಂ ಎನ್ನಲು ಅವನ ಬಾಯಿ ತೆರೆದೇ ಇತ್ತು. ಅಕ್ಕನನ್ನು ಕೇಳಬೇಕು ಎಂದು ಮಾತ್ರ ಹೇಳಿ, ಚಹ ಕುಡಿದು, ಹಳೇ ಹುಬ್ಬಳ್ಳಿಯ ತನ್ನ ಮನೆಗೆ ಬಂದ.

ಮನೆಯಲ್ಲಿ ಮಗ ಹೊಳೆಯಪ್ಪ ಹೊಸ ಕಂಬಳಿಗೆ ಹುಣಿಸೆ ಬೀಜದ ಗಂಜಿ ಹಚ್ಚುತ್ತಿದ್ದ. ಹತ್ತೊಂಬತ್ತಕ್ಕೆ ಕಾಲಿಟ್ಟ ಹುಡುಗ. ತಾಯಿ ಇಲ್ಲದೆ ಸೋದರತ್ತೆ ಹುಲಿಗೆವ್ವನ ಕೈಯಲ್ಲಿ ಬೆಳೆದವನು. ಆ ವರ್ಷ ಎಸ್.ಎಸ್.ಎಲ್.ಸಿ. ಪಾಸಾಗಿದ್ದ. ತಂದೆ ಅಂಗಡಿಯ ಸುದ್ದಿ ಹೇಳುವ ಮೊದಲೇ ಅವನು ಗಂಜಿಯ ಕುಂಚವನ್ನು ಕೆಳಗಿಟ್ಟ.

“ಅಪ್ಪಾ, ನಾ ಬಿ.ಕಾಂ. ಮಾಡತೇನಿ.”

“ಹಂಗಂದ್ರೇನು?”

“ವ್ಯಾಪಾರ ಮಾಡೂದನ್ನ ಕಲಸತಾರಂತ. ಒಂದ ವರ್ಷ ಪಿ.ಯು.ಸಿ., ಆಮ್ಯಾಲೆ ಮೂರ ವರ್ಷ.”

“ಕಲತು?”

“ಕಂಬಳಿ ಮಾರತೇನಿ.”

“ಕಂಬಳಿ ಮಾರಾಕ ನಾಲ್ಕ ವರ್ಷ ಕಲೀಬೇಕೇನೋ? ನಮಗ ಅದು ಬರತೈತಲ್ಲ.”

“ನಿಮಗ ಬರತೈತಿ. ನನಗ ಬರೂದಿಲ್ಲ.”

ಹುಡುಗ ಹೇಳಿದ್ದು ನಿಜವಾಗಿತ್ತು. ಕಂಬಳಿ ಕೊಳ್ಳುವವರು ಅದರ ನಾಲ್ಕು ಮೂಲೆ ಹಿಡಿಸಿ, ನಡುವೆ ಒಂದು ಚೊಂಬು ನೀರು ಸುರಿದು ನೋಡುತ್ತಾರೆ. ಗಂಜಿಯನ್ನು ಚೆನ್ನಾಗಿ ಕುಡಿದ ಕಂಬಳಿ ನೀರನ್ನು ಹೊತ್ತು ನಿಲ್ಲುತ್ತದೆ. ಅರೆ ಕುಡಿದದ್ದು ಸ್ವಲ್ಪ ಹೊತ್ತು ನಿಂತು ಸೋರುತ್ತದೆ. ನೀರನ್ನು ಯಾವ ಗಳಿಗೆಯಲ್ಲಿ ಚೆಲ್ಲಿ ಕಂಬಳಿಯನ್ನು ಮಡಚಬೇಕು ಎಂಬುದನ್ನು ಮಾರುವವನು ಅರಿತಿರಬೇಕು. ಹೊಳೆಯಪ್ಪ ಅದನ್ನು ಅರಿಯಲಿಲ್ಲ. ತೊಟ್ಟಿಕ್ಕುವ ತನಕ ಹಿಡಿದೇ ಇದ್ದು, “ನೋಡ್ರಿ, ಈಗ ಸೋರಾಕತ್ತಿತು” ಎಂದು ಕೊಳ್ಳುವವನಿಗೆ ತಾನೇ ತೋರಿಸುತ್ತಿದ್ದ.

ಇಂಥವನಿಗೆ ಅಂಗಡಿ ಹಿಡಿದು ಕೊಟ್ಟರೆ ಅಂಗಡಿ ಉಳಿಯುವುದೇ? ಕಾಲೇಜಿಗೆ ಕಳಿಸಿದರೆ ಅಂಗಡಿ ಎಲ್ಲಿಂದ ಬರಬೇಕು? ವ್ಯಾಪಾರ ಮಾಡಲು ಹಣ ಇತ್ತು. ವ್ಯಾಪಾರ ಕಲಿಯಲೂ ಹಣ ಇತ್ತು. ಎರಡೂ ಒಂದೇ ಹಣವಾಗಿತ್ತು.

ಬೀರಲಿಂಗಪ್ಪ ಅಕ್ಷರ ಬಾರದವನಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನು ಪಾಸು ಮಾಡಿದ್ದ. ಬಯಸಿದ್ದರೆ ಅಂದೇ ಕನ್ನಡ ಸಾಲಿಯ ಮಾಸ್ತರನಾಗಬಹುದಿತ್ತು. ಅವನಿಗೆ ಲೆಕ್ಕ ಕಲಿಸಿದವರು ಎರಡು ಆಯುಧಗಳನ್ನು ಕೊಟ್ಟಿದ್ದರು. ಒಂದು ತ್ರೈರಾಶಿಕ: ಮೂರು ಸಂಖ್ಯೆ ಗೊತ್ತಿದ್ದರೆ ನಾಲ್ಕನೆಯದು ಸಿಗುತ್ತದೆ. ಇನ್ನೊಂದು ಹಿಡಿದು ನೋಡುವುದು: ಉತ್ತರ ಗೊತ್ತಿಲ್ಲದಿದ್ದರೆ ಒಂದನ್ನು ಹಿಡಿ, ತಾಳೆ ನೋಡು, ಹೊಂದದಿದ್ದರೆ ಬಿಟ್ಟು ಬೇರೆಯದನ್ನು ಹಿಡಿ. ಈ ಎರಡರಿಂದ ಅವನು ಈವರೆಗೆ ಯಾವ ಲೆಕ್ಕದಲ್ಲೂ ಸೋತಿರಲಿಲ್ಲ.

ಈ ಲೆಕ್ಕಕ್ಕೂ ತ್ರೈರಾಶಿಕವನ್ನೇ ಹಚ್ಚಿದ. ಕಾಲೇಜಿನ ಫೀ, ಪುಸ್ತಕ, ಅರಿವೆ ಸೇರಿ ವರ್ಷಕ್ಕೆ ನಾಲ್ಕು ನೂರ ಐವತ್ತು; ನಾಲ್ಕು ವರ್ಷಕ್ಕೆ ಹದಿನೆಂಟು ನೂರು. ಆ ನಾಲ್ಕು ವರ್ಷ ಹುಡುಗ ದುಡಿಯದೆ ಇರುವುದೂ ಖರ್ಚೇ. ಬರುವುದೆಷ್ಟು? ನೌಕರಿಯಾದರೆ ಹೇಳಬಹುದು, ಪದವಿ ಇಲ್ಲದ ಕಾರಕೂನನಿಗೂ ಇದ್ದವನಿಗೂ ಪಗಾರದ ಅಂತರವನ್ನು ಊರೆಲ್ಲ ಬಲ್ಲದು. ಆದರೆ ಹುಡುಗ ನೌಕರಿ ಮಾಡುವುದಿಲ್ಲ, ಕಂಬಳಿ ಮಾರುತ್ತಾನೆ. ಹಾಗಾದರೆ ಲೆಕ್ಕವನ್ನು ಹೀಗೆ ಇಡಬೇಕು: ಮುಲ್ಕಿ ಪಾಸಾದುದರಿಂದ ಕಂಬಳಿಯ ವ್ಯಾಪಾರದಲ್ಲಿ ತನಗೆ ಹೆಚ್ಚಿಗೆ ಬಂದದ್ದು ಇಷ್ಟಾದರೆ, ಬಿ.ಕಾಂ. ಪಾಸಾದರೆ ಮಗನಿಗೆ ಎಷ್ಟು?

ಇಲ್ಲಿ ಬಂಡಿ ನಿಂತಿತು. ಮುಲ್ಕಿಯಿಂದ ಕಂಬಳಿಗೆ ಬಂದದ್ದೆಷ್ಟು? ಕಟ್ಟೆಯ ಮೇಲೆ ಕುಳಿತು ಅವನು ಬಹಳ ಯೋಚಿಸಿದ. ಮೂರಂಕಿಯ ಗುಣಾಕಾರವನ್ನು ಬಾಯಲ್ಲಿ ಮಾಡಬಲ್ಲೆ ಎಂಬ ಕಾರಣಕ್ಕೆ ಯಾರಾದರೂ ಒಂದು ಕಂಬಳಿಯನ್ನು ಹೆಚ್ಚು ಕೊಂಡಿದ್ದರೇ? ಯಾರ ಮುಖವೂ ನೆನಪಿಗೆ ಬರಲಿಲ್ಲ. ಮೂರರಲ್ಲಿ ಒಂದು ರಾಶಿಯೇ ಇಲ್ಲದ ಮೇಲೆ ನಾಲ್ಕನೆಯದು ಹುಟ್ಟುವುದೆಲ್ಲಿಂದ?

ಹೀಗಿರುವಾಗ ಯಜ್ಞೇಶ್ವರ ಮಾಸ್ತರರು ಕಂಬಳಿ ಕೊಳ್ಳಲು ಬಂದರು. ಅವರು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ವಾಣಿಜ್ಯವನ್ನೇ ಕಲಿಸುತ್ತಿದ್ದವರು. ಊರಿನಲ್ಲಿರುವ ತಂದೆಗಾಗಿ ಒಳ್ಳೆಯ ಕಂಬಳಿ ಬೇಕೆಂದರು. ಬೀರಲಿಂಗಪ್ಪ ಅಂಚು ನೇರವಿದ್ದ ಒಂದನ್ನು ತೆಗೆದು, ಒಂದು ತುದಿಯನ್ನು ತಾನು ಹಿಡಿದು ಇನ್ನೊಂದನ್ನು ಮಗನ ಕೈಗೆ ಕೊಟ್ಟ. ನೀರು ಸುರಿದದ್ದಾಯಿತು. ನಿಂತಿತು. ತಂದೆ ಚೆಲ್ಲಲು ಕೈ ಎತ್ತಿದ. ಮಗ ಕೈ ಎತ್ತಲಿಲ್ಲ. ಮೂವರೂ ನೋಡುತ್ತಿದ್ದಂತೆ ಒಂದು ಹನಿ ಬಿತ್ತು.

“ಇದು ಬ್ಯಾಡ್ರಿ ಸರ್, ಸೋರತೈತಿ. ಈ ಮತ್ತೊಂದ ತಗೋರಿ. ಮೂರ ರೂಪಾಯಿ ಕಡಿಮಿ. ಅಂಚ ಅಷ್ಟ ಡೊಂಕೈತಿ, ನೀರ ಮಾತ್ರ ಬಿಡೂದಿಲ್ಲ.”

ಯಜ್ಞೇಶ್ವರರು ಹುಡುಗನನ್ನು ದಿಟ್ಟಿಸಿದರು. “ನಿನಗ ಮಾರೂ ಮನಸದನೋ, ಇಲ್ಲೋ?”

“ಐತ್ರಿ.”

“ಬೀರಲಿಂಗಪ್ಪನವರ, ಇವನು ನಿಮ್ಮ ಮಗನ ಹೌದಲ್ಲೋ?”

“ಸುಳ್ಳದಾಗ ಬೆಳದಾನ್ರಿ. ಆದ್ರ ಸುಳ್ಳ ಹೇಳಾಕ ಮಾತ್ರ ಕಲೀಲಿಲ್ಲ,” ಎಂದು ಬೀರಲಿಂಗಪ್ಪ ಹಲ್ಲು ಕಚ್ಚಿ ನಕ್ಕ. ಡೊಂಕು ಅಂಚಿನ ಕಂಬಳಿ ವ್ಯಾಪಾರವಾಯಿತು. ಮಗ ನೀರಿನ ಚೊಂಬು ಒಯ್ದಿಡಲು ಹೋದಾಗ ತಂದೆ ದನಿ ತಗ್ಗಿಸಿದ.

“ಮಾಸ್ತರ್ರ, ಒಂದ ಮಾತ ಕೇಳತೇನಿ, ಸಿಟ್ಟಾಗಬಾರದು. ನಿಮ್ಮ ಕಾಲೇಜಿನ್ಯಾಗ ಮಾರೂದನ್ನ ಕಲಸತೀರೇನ್ರಿ?”

“ಇಲ್ಲ. ಮಾರಿದವರ ಲೆಕ್ಕಾ ಬರಿಯೂದನ್ನ ಕಲಸ್ತೀವಿ.”

“ಕೊಳ್ಳೂದನ್ನ?”

“ಕೊಂಡವರ ಲೆಕ್ಕಾ.”

“ಮತ್ತ ಅಂಗಡಿ ನಡಸೂದನ್ನ?”

“ಅಂಗಡಿ ಮುಳಗಿದ ಮ್ಯಾಲೆ ಯಾರಿಗೆ ಎಷ್ಟೆಷ್ಟು ಹಂಚಬೇಕು, ಅದನ್ನ ಭಾಳ ಛಲೋ ಕಲಸ್ತೀವಿ. ಕಡೀ ವರ್ಷದಾಗ ಬರ್ತದ.”

ಬೀರಲಿಂಗಪ್ಪ ತನ್ನ ಸಂಕಟವನ್ನೆಲ್ಲ ಹೇಳಿಕೊಂಡ. ಯಜ್ಞೇಶ್ವರರು ಮುಚ್ಚುಮರೆ ಮಾಡಲಿಲ್ಲ. “ನನ್ನ ಕೇಳಿದ್ರ ಅಂಗಡಿ ತಗೋರಿ. ಎರಡ ಪದವಿ ಮಾಡಿದ ನನ್ನ ಪಗಾರ ಎರಡ ನೂರಾ ಮೂವತ್ತು. ನನ್ನ ತಮ್ಮ ಮ್ಯಾಟ್ರಿಕ್ ಎರಡ ಸಲ ಫೇಲಾದಾಂವ. ಗದಗಿನ್ಯಾಗ ಬೆಲ್ಲದ ಅಂಗಡಿ ಇಟ್ಟು ಮನಿ ಮ್ಯಾಲೆ ಮನಿ ಕಟ್ಟಿಸ್ಯಾನ.”

“ನಿಮ್ಮ ಮಗ ಏನ ಮಾಡತಾನ್ರಿ?”

“ಬಿ.ಕಾಂ. ಎರಡನೇ ವರ್ಷ.”

“ಕಾಕಾನ ಬೆಲ್ಲದ ಅಂಗಡ್ಯಾಗ ಯಾಕ ಕುಂಡ್ರಸಲಿಲ್ರಿ?”

ಯಜ್ಞೇಶ್ವರರು ಕಂಬಳಿಯನ್ನು ಕಂಕುಳಲ್ಲಿ ಇರಿಸಿಕೊಂಡರು. “ಅದನ್ನ ನಾನೂ ವಿಚಾರ ಮಾಡ್ಲಿಕ್ಕತ್ತೀನಿ,” ಎಂದು ಹೊರಟುಹೋದರು.

ಬೀರಲಿಂಗಪ್ಪನಿಗೆ ಸಮಾಧಾನವಾಗಬೇಕಿತ್ತು. ಕಲಿಸುವವನೇ ಬೇಡವೆಂದ ಮೇಲೆ ಇನ್ನೇನು ಉಳಿಯಿತು? ಆದರೆ ಆ ಕಡೆಯ ಮಾತು ಮುಳ್ಳಿನ ಹಾಗೆ ನಟ್ಟಿತು. ಅಂಗಡಿಯ ಸಂಗತಿಯನ್ನು ಅಂಗಡಿಯವನೇ ಬಲ್ಲ ಎಂದುಕೊಂಡು ಒಳಗೆ ಹೋಗಿ ಅಹಮದಸಾಬನನ್ನು ಕೇಳಿದ.

ಅಹಮದಸಾಬ ಒಂದು ಕ್ಷಣವೂ ಯೋಚಿಸಲಿಲ್ಲ. “ಕಾಲೇಜಿಗೆ ಹಾಕು. ಮೂವತ್ತ ವರ್ಷ ಟ್ರಂಕ ಮಾರೇನಿ. ಇವತ್ತಿಗೂ ಸೇಲ್ಸ್ ಟ್ಯಾಕ್ಸಿನ ಕಾಗದ ಬಂದ್ರ ಕೈಯಾಗ ಹಿಡಕೊಂಡು ಪ್ಯಾಟಿ ತುಂಬ ತಿರಗತೇನಿ. ಓದಿ ಹೇಳಿದವನಿಗೆ ಚಾ, ಬರದು ಕೊಟ್ಟವನಿಗೆ ಊಟ. ಆಫೀಸಿನ್ಯಾಗ ನಾ ನಿಂತಿರತೇನಿ. ನನ್ನ ಟ್ರಂಕ ಒಯ್ದು ಕಾಲೇಜಿಗೆ ಹೋದಾಂವ ಕುಂತಿರತಾನ.”

“ಸಾಬರ, ನೀವ ಅಂಗಡಿ ಕೊಡವರು. ಅಂಗಡಿ ತಗೋ ಅನ್ನಬೇಕಲ್ಲರಿ?”

“ಕೊಡಾಂವ ಬ್ಯಾರೆ, ದೋಸ್ತ ಬ್ಯಾರೆ. ಕೊಡಾಂವ ಅಮಾಸಿಗೆ ಕೇಳತಾನ. ದೋಸ್ತ ಈಗ ಹೇಳಾಕತ್ತಾನ.”

“ಹಂಗಾರ ನಿಮ್ಮ ಅಳಿಯ ಎಷ್ಟ ಓದ್ಯಾನ್ರಿ?”

“ನಾಲ್ಕನೇತ್ತ.”

“ಅವನಿಗ್ಯಾಕ ಮಗಳನ್ನ ಕೊಟ್ರಿ?”

“ಅಂಗಡಿ ನೋಡಿ ಕೊಟ್ಟೆ,” ಎಂದ ಅಹಮದಸಾಬ. ಹೇಳಿದ ಮೇಲೆ ತಾನೇ ನಕ್ಕ, ಬೀರಲಿಂಗಪ್ಪ ನಗಲಿಲ್ಲ.

ಪದವಿ ಇದ್ದವನು ಅಂಗಡಿ ಎನ್ನುತ್ತಾನೆ. ಅಂಗಡಿ ಇದ್ದವನು ಪದವಿ ಎನ್ನುತ್ತಾನೆ. ತಮ್ಮ ಮಕ್ಕಳ ಮಾತು ಬಂದಾಗ ಇಬ್ಬರೂ ಹೇಳಿದ್ದಕ್ಕೆ ತಿರುಗುಮುರುಗು ಮಾಡಿದ್ದಾರೆ. ಹೇಳಿದ್ದನ್ನು ನಂಬಬೇಕೋ ಮಾಡಿದ್ದನ್ನು ನಂಬಬೇಕೋ? ಮಾಡಿದ್ದನ್ನು ನಂಬಿದರೂ ಒಂದು ಕಾಲೇಜು, ಒಂದು ಅಂಗಡಿ. ಕೂಡಿದರೆ ಎಲ್ಲಿದ್ದನೋ ಅಲ್ಲಿಯೇ. ಬೀರಲಿಂಗಪ್ಪ ಊಟದ ಮುಂದೆ ಕುಳಿತು ರೊಟ್ಟಿಯನ್ನು ಎರಡು ಭಾಗ ಮಾಡಿ, ಒಂದು ಕಡೆ ಕಾಲೇಜು ಒಂದು ಕಡೆ ಅಂಗಡಿ ಇಟ್ಟು, ಯಾವುದನ್ನು ಮೊದಲು ತಿನ್ನಬೇಕೆಂದು ತಿಳಿಯದೆ ಪಲ್ಯವನ್ನು ಬರಿದೇ ತಿಂದು ಎದ್ದ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಹುಲಿಗೆವ್ವ ಸುಳ್ಳದಿಂದ ಬಂದಳು. ಪಟ್ಟಣದ ಮಣ್ಣು ಎತ್ತು ಮಾಡಲು ಬರುವುದಿಲ್ಲವೆಂದು ಸೆರಗಿನಲ್ಲಿ ಹೊಲದ ಕರಿಮಣ್ಣು ಕಟ್ಟಿಕೊಂಡು ಬಂದಿದ್ದಳು. ಕಾಲು ತೊಳೆದು, ಒಂದು ತಂಬಿಗೆ ನೀರು ಕುಡಿದು, ಮಣ್ಣನ್ನು ನೆನೆಯಲು ಇಟ್ಟಳು.

“ಏನು, ತಮ್ಮಾ, ಸೊರಗೀಯಲ್ಲ? ಹುಡುಗ ಪಾಸಾದ್ರ ಅಪ್ಪ ಸೊರಗತಾನೇನು?”

“ಯಕ್ಕಾ, ಒಂದ ಲೆಕ್ಕಾ ಬಿಡಸಾಕ ಬರವಲ್ದು.”

“ಮುಲ್ಕಿ ಪಾಸಾದಾಂವ ನೀ. ನನಗೇನ ಕೇಳತಿ?”

“ರೊಕ್ಕದಾಗ ನಿನ್ನ ಪಾಲೈತಲ್ಲ.”

“ರೊಕ್ಕದ ಮಾತೇನು? ಹಂಗಾರ ಕಂಬಳಿ ಹಾಸು. ಪಾಲಿನ ಮಾತು ಬರೇ ನೆಲದ ಮ್ಯಾಲೆ ಆಡಬಾರದು.”

ಹಾಲುಮತದ ಮನೆತನಗಳಲ್ಲಿ ಕಂಬಳಿ ಎಂದರೆ ಹೊದೆಯುವ ಅರಿವೆ ಮಾತ್ರವಲ್ಲ. ನಾಲ್ಕು ಮಡಿಕೆ ಮಾಡಿ ಹಾಸಿದರೆ ಅದು ಗದ್ದುಗೆ. ಬೀರಲಿಂಗಪ್ಪನ ಮನೆತನದಲ್ಲಿ ಪಾಲು, ಮದುವೆ, ವ್ಯಾಜ್ಯ ಏನೇ ಇದ್ದರೂ ಕಂಬಳಿ ಹಾಸಿ, ಎದುರಿಗೆ ಭಂಡಾರದ ಬಟ್ಟಲು ಇಟ್ಟು, ಅದರ ಮೇಲೆ ಕುಳಿತೇ ಮಾತಾಡಬೇಕು. ಭಂಡಾರವೆಂದರೆ ಅರಿಷಿಣದ ಪುಡಿ, ದೇವರದು. ಕಂಬಳಿಯ ಮೇಲೆ ಕುಳಿತವನು ಒಂದು ಮಾತು ಆಡಿದ, ಹಿರಿಯರು ಭಂಡಾರ ಮುಟ್ಟಿ ಹಣೆಗೆ ಹಚ್ಚಿದರು ಎಂದರೆ ಆ ಮಾತು ಬಿದ್ದಂತೆ, ನಡೆಸಲೇಬೇಕು. ಬಿದ್ದ ಮಾತನ್ನು ಎತ್ತಿಕೊಂಡವರು ಆ ಮನೆತನದಲ್ಲಿ ಇರಲಿಲ್ಲ. ಬೀರಲಿಂಗಪ್ಪ ಇದನ್ನೆಲ್ಲ ಹುಟ್ಟಿದಾಗಿನಿಂದ ಬಲ್ಲ. ಆದರೆ ಅಂದು ಅವನ ತಲೆಯೊಳಗೆ ಲೆಕ್ಕವೇ ತುಂಬಿ, ಉಳಿದದ್ದಕ್ಕೆ ಇಂಬಿರಲಿಲ್ಲ.

ಕಂಬಳಿ ಹಾಸಿದ. ಮೂವರೂ ಕುಳಿತರು. ಅವನು ಎದುರಿನ ಗೋಡೆಯ ಮೇಲೆ ಕಣ್ಣಿಟ್ಟ. ಬಾಯಿಲೆಕ್ಕ ಮಾಡುವಾಗ ಖಾಲಿ ಗೋಡೆಯೇ ಅವನ ಪಾಟಿ.

“ಈಗ ನೋಡಕ್ಕಾ. ತ್ರೈರಾಶಿಕ ನಡಿಯೂದಿಲ್ಲ, ಹಿಡದ ನೋಡಬೇಕು. ಹುಡುಗನ್ನ ಕಾಲೇಜಿಗೆ ಹಾಕಿದಿವಿ ಅಂತ ಹಿಡಿ. ನಾಲ್ಕ ವರ್ಷ. ಹದಿನೆಂಟ ನೂರ ಹೋತು. ನಾಲ್ಕ ನೂರ ಉಳೀತು. ಅಂಗಡಿ ಹೋತು. ಮುಂದ ಬರೂದು ಗೊತ್ತಿಲ್ಲ.”

ಹುಲಿಗೆವ್ವನ ಬಳೆ ಸದ್ದು ಮಾಡಿತು. ಅವನು ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

“ಅದನ್ನ ಬಿಡು. ಈಗ ಅಂಗಡಿ ತಗೊಂಡಿವಿ ಅಂತ ಹಿಡಿ. ಎರಡ ಸಾವಿರ ಹೋತು. ಎರಡ ನೂರ ಉಳೀತು. ಹುಡುಗ ಗಿರಾಕಿ ಮುಂದ ಸೋರೂದನ್ನ ತೋರಸ್ಕೋತ ಕುಂಡರತಾನ. ಇಲ್ಲಿಯೂ ಮುಂದ ಬರೂದು ಗೊತ್ತಿಲ್ಲ. ಈಗ ಎರಡೂ ಉತ್ತರ ತಾಳಿ ನೋಡೂಣು...”

ತಣ್ಣಗಿನ ಒಂದು ಬೆರಳು ಅವನ ಹಣೆಗೆ ತಗಲಿತು. ಗೋಡೆಯನ್ನು ಬಿಟ್ಟು ನೋಡಿದರೆ ಮಗನ ಹಣೆಯ ಮೇಲೆ ಹಳದಿ. ತನ್ನ ಹಣೆ ಮುಟ್ಟಿಕೊಂಡರೆ ಬೆರಳೂ ಹಳದಿ.

“ಏನ ಮಾಡಿದಿ, ಯಕ್ಕಾ?”

“ನೀ ಎರಡ ಮಾತ ಹಾಕಿದಿ. ಓದೂದಕ್ಕ ಅವನ ಹಣಿಗೆ ಹಚ್ಚಿದೆ, ಅಂಗಡಿಗೆ ನಿನ್ನ ಹಣಿಗೆ ಹಚ್ಚಿದೆ. ಛಲೋ ಆತು.”

“ನಾ ಮಾತ ಹಾಕಲಿಲ್ಲ! ಬರೇ ಹಿಡದ ನೋಡಿದೆ. ಲೆಕ್ಕದಾಗ ಹಂಗ ಹಿಡೀತಾರ.”

“ಲೆಕ್ಕದಾಗ ಹಿಡೀತಾರ, ಪಾಟಿ ಮ್ಯಾಲೆ. ಬ್ಯಾಡಾದ್ರ ಉಗುಳ ಹಚ್ಚಿ ಒರಸತಾರ. ಕಂಬಳಿ ಒರಸೂದು ಹೆಂಗ?”

“‘ಅದನ್ನ ಬಿಡು’ ಅಂತನೂ ಅಂದೇನಲ್ಲ!”

“ಬಿಡು ಅಂದ್ರ ಬಿಡತೈತೇನೋ? ಇದರ ಮ್ಯಾಲೆ ಕುಂತ ನಮ್ಮಪ್ಪ ನನ್ನ ಸುಳ್ಳಕ್ಕ ಕೊಡತೇನಿ ಅಂದ. ಮುನ್ನೂರ ಕುರಿ ಅಂತ ಹೇಳಿದ್ದ ಮನ್ಯಾಗ ಮೂವತ್ತ ಅಂತ ಮರುದಿನಾ ಗೊತ್ತಾತು. ಅವ್ವ ಅತ್ತಳು. ಅಪ್ಪ ಬಿಟ್ಟನೇನು?”

ಬೀರಲಿಂಗಪ್ಪ ಅಕ್ಕನ ಮುಖವನ್ನು ನೋಡಿದ. ಅವಳು ತಿಳಿಯದೆ ಮಾಡಿದಳೋ ತಿಳಿದೇ ಮಾಡಿದಳೋ? ಬಿಸಿಲು, ಕುರಿ, ವೈಧವ್ಯ ಎಲ್ಲವನ್ನೂ ಕಂಡ ಆ ಮುಖದಲ್ಲಿ ಯಾವ ಅಂಕಿಯೂ ಕಾಣಿಸಲಿಲ್ಲ.

“ಅಪ್ಪಾ,” ಎಂದ ಹೊಳೆಯಪ್ಪ, “ಎರಡೂ ಕೂಡಿದ್ರ ಮೂರ ಸಾವಿರದ ಎಂಟ ನೂರ ಆಗತೈತಿ.”

“ಗೊತ್ತೈತೋ!”

“ನಮ್ಮ ಹತ್ರ ಇರೂದು...”

“ಅದೂ ಗೊತ್ತೈತಿ. ಯಕ್ಕಾ, ಒಂದರ ರೊಕ್ಕದಾಗ ಎರಡ ಹೆಂಗ ಮಾಡ್ಲಿ?”

“ಅದು ನಿನ್ನ ಲೆಕ್ಕಾ. ನಾ ಸಾಲಿ ಕಲತಾಕಿ ಅಲ್ಲ.” ಹುಲಿಗೆವ್ವ ಎದ್ದು ಕರಿಮಣ್ಣನ್ನು ನಾದತೊಡಗಿದಳು. “ಅತ್ತಿ, ನಾನೂ ಒಂದ ಎತ್ತ ಮಾಡ್ಲಿ?” ಎಂದು ಹೊಳೆಯಪ್ಪ ಪಕ್ಕದಲ್ಲಿ ಕುಳಿತ. ಅವನು ಮಾಡಿದ ಎತ್ತಿಗೆ ಒಂದು ಕೊಂಬು ಗಿಡ್ಡವಾಯಿತು. ಅದನ್ನೂ ಅವನೇ ಮೊದಲು ಹೇಳಿದ.

ಮರುದಿನ ಎತ್ತಿನ ಪೂಜೆ ಮುಗಿದ ಕೂಡಲೇ ಬೀರಲಿಂಗಪ್ಪ ದುರ್ಗದ ಬೈಲಿಗೆ ನಡೆದ. ಹೂಂ ಎನ್ನಲೂ ಬಾರದು, ಊಹೂಂ ಎನ್ನಲೂ ಬಾರದು. ದಾರಿಯುದ್ದಕ್ಕೂ ಮಾತು ಹೊಂದಿಸಿದ. ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಅದರಲ್ಲಿ ಒಂದೂ ನೆನಪಾಗದೆ, ನಡೆದದ್ದನ್ನು ನಡೆದಂತೆಯೇ ಹೇಳಿಬಿಟ್ಟ.

ಅಹಮದಸಾಬ ನಕ್ಕ. ನಗುತ್ತ ಕೆಮ್ಮಿದ. ಕೆಮ್ಮಿ ಕಣ್ಣೊರೆಸಿಕೊಂಡು, “ನಿಮ್ಮಕ್ಕನ್ನ ಪ್ಯಾಟ್ಯಾಗ ತಂದ ಕುಂಡ್ರಸು, ಬೀರಲಿಂಗಪ್ಪಾ. ನಾವೆಲ್ಲಾ ಅಂಗಡಿ ಮುಚಗೊಂಡ ಹೋಗತೇವಿ,” ಎಂದ.

“ನಗಬ್ಯಾಡ್ರಿ ಸಾಬರ. ನಿಮಗ ಹೊರಗಿನವರು ಸಿಗತಾರ. ಕೊಟ್ಟಬಿಡ್ರಿ. ನೀವ ಬ್ಯಾರೆಯವರಿಗೆ ಕೊಟ್ರ ಅಂಗಡಿ ಮಾತು ತಾನ ಮುರೀತೈತಿ.”

“ಅಂದ್ರ ಭಂಡಾರದ ಮಾತ ಮುರಿಯೂ ಪಾಪಾ ನನ್ನ ಕೊರಳಿಗೆ ಕಟ್ಟತೀಯೇನು? ನಾನೂ ಅಂಜತೇನಪಾ ಅದಕ್ಕ.” ಅಹಮದಸಾಬ ಸುತ್ತಲೂ ಪೇರಿಸಿದ ಟ್ರಂಕುಗಳನ್ನು ನೋಡಿದ. “ಖರೇ ಹೇಳ್ಲೇನು? ಬೆಳಗಾವ್ಯಾಗ ಮಗಳ ಮನಿ ಕಟ್ಟಿ ಮ್ಯಾಲೆ ಕುಂತ ನಾನಾದ್ರೂ ಏನ ಮಾಡಬೇಕು? ಮೊಣಕಾಲ ನೋವು ಅಲ್ಲೂ ಇರತೈತಿ. ಒಂದ ಕೆಲಸಾ ಮಾಡೂಣು. ಅರ್ಧಾ ಅಂಗಡಿ ನಿನಗ ಬಿಡತೇನಿ. ಸಾವಿರ ಕೊಡು. ಬಾಡಿಗಿ ಅರ್ಧರ್ಧ. ಉಳದ ಅರ್ಧದಾಗ ನಾ ಇನ್ನೂ ಒಂದೆರಡ ವರ್ಷ ಟ್ರಂಕ ಬಾರಸ್ಕೋತ ಕುಂಡರತೇನಿ.”

“ಅರ್ಧಾ ಅಂಗಡಿ ಅಂದ್ರ ಅಂಗಡಿ ತಗೊಂಡಂಗ ಆಗತೈತೇನ್ರಿ?”

“ನಿಮ್ಮಕ್ಕನ್ನ ಕೇಳು. ನನಗೇನ ಗೊತ್ತು!”

ಹುಲಿಗೆವ್ವನನ್ನು ಕೇಳಿದ್ದಾಯಿತು. “ಬಾಗಲಾ ಎಷ್ಟ?” ಎಂದಳು. ಬಾಗಿಲು ಒಂದೇ ಎಂದು ಅವನು ಹೇಳಿದ. “ಒಂದ ಬಾಗಲದಾಗ ನೀ ಹೊಕ್ಕಿದ್ರ ಅಂಗಡಿ ನಿಂದ,” ಎಂದು ಸುಳ್ಳಕ್ಕೆ ಹೊರಟುಹೋದಳು.

ಬೀರಲಿಂಗಪ್ಪ ಮತ್ತೆ ಕೂಡಿ ಕಳೆದ. ಎರಡು ಸಾವಿರದ ಎರಡು ನೂರರಲ್ಲಿ ಸಾವಿರ ಹೋದರೆ ಹನ್ನೆರಡು ನೂರು. ಅದನ್ನು ನಾಲ್ಕು ನೂರ ಐವತ್ತರಿಂದ ಭಾಗಿಸಿದರೆ ಎರಡು ವರ್ಷ ಎಂಟು ತಿಂಗಳು. ಉಳಿದ ಒಂದು ವರ್ಷ ನಾಲ್ಕು ತಿಂಗಳ ಓದನ್ನು ಅರ್ಧ ಅಂಗಡಿ ದುಡಿದು ಕೊಡಬೇಕು. ಅರ್ಧ ಅಂಗಡಿಯನ್ನು ಚೆನ್ನಾಗಿ ದುಡಿಸಲು ಓದಿದ ಹುಡುಗ ಬೇಕು. ಒಂದರ ಕಾಲು ಇನ್ನೊಂದರ ಹೆಗಲ ಮೇಲೆ; ಕೆಳಗಿನದು ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ. ಆದರೂ ಹಣ ಕೊಟ್ಟ. ಹುಡುಗನನ್ನು ಸೇರಿಸಿದ.

ಕಾಲೇಜು ಮುಂಜಾನೆಯದಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಳೆಯಪ್ಪ ಅಂಗಡಿಗೆ ಬರುತ್ತಿದ್ದ. ಎಡಕ್ಕೆ ಅಹಮದಸಾಬನ ಟ್ರಂಕುಗಳು, ಬಲಕ್ಕೆ ಕಂಬಳಿಗಳು, ನಡುವೆ ಒಂದು ಸಾಲು ಟ್ರಂಕೇ ಗೋಡೆ. ಹುಡುಗ ಕಲಿತು ಬಂದದ್ದು ಅಂಗಡಿಯಲ್ಲಿ ಕಾಣುತ್ತದೆಯೇ ಎಂದು ತಂದೆ ದಿನವೂ ನೋಡುತ್ತಿದ್ದ. ಕಂಡದ್ದು ಒಂದೇ: ಈಗಲೂ ಅವನು ನೀರನ್ನು ಹನಿ ಬೀಳುವ ತನಕ ಹಿಡಿಯುತ್ತಿದ್ದ. ಕೆಲವರು ಸೋರುವುದನ್ನು ಕಂಡು ಕೊಳ್ಳದೆ ಹೋದರು. ಕೆಲವರು ಮುಂಜಾನೆಯೇ ಬಂದು, “ಸೋರತೈತಿ ಅಂತ ಹೇಳೋ ಹುಡುಗ ಎಲ್ಲಿ?” ಎಂದು ಕೇಳಿ, ಅವನು ಬರುವ ತನಕ ಕಟ್ಟೆಯ ಮೇಲೆ ಕಾದು ಕೊಂಡರು. ಇವರನ್ನು ಕಾಲೇಜಿನ ಲಾಭಕ್ಕೆ ಬರೆಯಬೇಕೋ, ಅಂಗಡಿಯ ಲಾಭಕ್ಕೆ ಬರೆಯಬೇಕೋ? ಹೋದವರು ಯಾವುದರ ನಷ್ಟ? ಕಾಲೇಜಿಗೆ ಹೋಗುವ ಮೊದಲೂ ಹುಡುಗ ಹೀಗೆಯೇ ಇದ್ದನಲ್ಲ. ಅಂಗಡಿಗೆ ಬರುವ ಮೊದಲೂ ಹೀಗೆಯೇ ಇದ್ದನಲ್ಲ.

ಶ್ರಾವಣದ ಒಂದು ಮಧ್ಯಾಹ್ನ, ಜಿಟಿಜಿಟಿ ಮಳೆಯಲ್ಲಿ, ಯಜ್ಞೇಶ್ವರ ಮಾಸ್ತರರು ಛತ್ರಿ ಹಿಡಿದು ಅಂಗಡಿಯ ಮುಂದೆ ನಿಂತರು. ಡೊಂಕು ಅಂಚಿನ ಕಂಬಳಿ ಅವರ ತಂದೆಗೆ ಹಿಡಿಸಿತ್ತು, ಇನ್ನೊಂದು ಬೇಕಾಗಿತ್ತು. ಹೊಳೆಯಪ್ಪ ಗಂಟು ಬಿಚ್ಚತೊಡಗಿದ.

“ಏನ್ರಿ ಬೀರಲಿಂಗಪ್ಪನವರ, ನಿಮ್ಮ ಮಗಾ ಈಗ ನನ್ನ ವರ್ಗದಾಗ ಇದ್ದಾನ. ಅಂಗಡಿನೂ ಹಿಡದೀರಿ. ನಿಮ್ಮ ಲೆಕ್ಕಾ ಹೊಂದಿತೇನು? ಲಾಭೋ ಲುಕ್ಸಾನೋ?”

ಬೀರಲಿಂಗಪ್ಪನ ಕಣ್ಣು ತಾನಾಗಿ ಎದುರಿನ ಗೋಡೆಯನ್ನು ಹುಡುಕಿತು. ಗೋಡೆ ಇರಲಿಲ್ಲ, ಟ್ರಂಕು ಇತ್ತು. “ನೋಡ್ರಿ ಮಾಸ್ತರ್ರ, ಹುಡುಗ ನಾಲ್ಕ ವರ್ಷಕ್ಕ ಪಾಸಾದ ಅಂತ ಹಿ...”

ಅವನು ತನ್ನ ಕೆಳಗೆ ನೋಡಿದ. ಅಂಗಡಿಯಲ್ಲಿ ಅವನ ಗಾದಿ ಬೇರೆ ಏನಿರಲು ಸಾಧ್ಯ? ನಾಲ್ಕು ಮಡಿಕೆಯ ಕರಿಯ ಕಂಬಳಿ. ಅದರ ಮೇಲೆಯೇ ಬೆಳಗಿನಿಂದ ಸಂಜೆಯವರೆಗೆ ಕುಳಿತು ಅವನು ವ್ಯಾಪಾರ ಮಾಡಬೇಕು.

ಎದ್ದ. ಚಪ್ಪಲಿ ಮೆಟ್ಟದೆ ಮೆಟ್ಟಿಲು ಇಳಿದು ಬರಿಗಾಲಲ್ಲಿ ರಸ್ತೆಯ ಕೆಸರಿನಲ್ಲಿ ಯಜ್ಞೇಶ್ವರರ ಪಕ್ಕ ನಿಂತ. ಈಗ ಏನನ್ನು ಬೇಕಾದರೂ ಹಿಡಿಯಬಹುದಿತ್ತು, ಬಿಡಬಹುದಿತ್ತು.

“ಪಾಸಾದ ಅಂತ ಹಿಡೀರಿ,” ಎಂದ. ಮುಂದಿನದು ಬರಲಿಲ್ಲ. “ಇಲ್ಲಾ, ಫೇಲಾದ ಅಂತ ಹಿಡೀರಿ.” ಅದರ ಮುಂದಿನದೂ ಬರಲಿಲ್ಲ. “ಅಂಗಡಿ ಪೂರ್ತಿ ನಮಗ ಬಂತು ಅಂತ ಹಿಡೀರಿ...” ಮಳೆ ರುಮಾಲನ್ನು ತೋಯಿಸಿ ಹುಬ್ಬಿನ ಮೇಲಿಂದ ಇಳಿಯಿತು. ಯಜ್ಞೇಶ್ವರರು ಛತ್ರಿಯನ್ನು ಅವನ ಕಡೆಗೆ ಸರಿಸಿ, ಕಾದರು.

“ಅಪ್ಪಾ, ತೊಯ್ಯಾಕತ್ತೀರಿ. ಮ್ಯಾಲೆ ಬರ್ರಿ,” ಎಂದು ಹೊಳೆಯಪ್ಪ ಕರೆದ. ಟ್ರಂಕುಗಳ ಆಚೆಯಿಂದ ಅಹಮದಸಾಬ, “ಬರವಲ್ಲ ಅಂದ್ರ ಅವನ ಮ್ಯಾಲೊಂದ ಕಂಬಳಿ ಒಗಿ,” ಎಂದ.

ಬೀರಲಿಂಗಪ್ಪ ಮೇಲೆ ಬಂದ. ಕಾಲಿನ ಕೆಸರನ್ನು ಒರೆಸಿಕೊಂಡ. ಗಾದಿಯ ಮೇಲೆ ಕುಳಿತು, ಮಾಸ್ತರರ ಮುಖವನ್ನು ನೇರವಾಗಿ ನೋಡಿ, “ಗೊತ್ತಿಲ್ರಿ,” ಎಂದ.

ಅಷ್ಟರಲ್ಲಿ ಹೊಳೆಯಪ್ಪ ಒಂದು ಕಂಬಳಿ ಬಿಡಿಸಿದ್ದ. ತಂದೆ ಎರಡು ಮೂಲೆ ಹಿಡಿದ, ಮಗ ಎರಡು ಮೂಲೆ ಹಿಡಿದ. ಯಜ್ಞೇಶ್ವರರು ಚೊಂಬಿನ ನೀರು ಸುರಿದರು. ನೀರು ನಿಂತಿತು. ಬೀರಲಿಂಗಪ್ಪನಿಗೆ ಕೈ ಎತ್ತುವ ಗಳಿಗೆ ತಿಳಿದಿತ್ತು. ಅದು ಬಂತು, ಹೋಯಿತು. ಅವನು ಕೈ ಎತ್ತಲಿಲ್ಲ. ನಾಲ್ವರೂ, ಟ್ರಂಕಿನ ಮೇಲಿಂದ ಇಣುಕಿದ ಅಹಮದಸಾಬನೂ ಸೇರಿ, ಕಂಬಳಿಯ ಕೆಳಭಾಗವನ್ನೇ ನೋಡುತ್ತ ನಿಂತರು.